ಕಾದಂಬರಿ ಓದಿ ಅತ್ತರೆ ಮಗಳು ಕೆಟ್ಟಳೇ?

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಒಂದು ಮನೆ ಎಂದು ಇಟ್ಟುಕೊಳ್ಳಿ. ರಾತ್ರಿ ಹತ್ತೂವರೆ ಗಂಟೆ. ಅಪ್ಪ ಲಿಂಬೆ ತೋಟಕ್ಕೆ ನೀರು ಬಿಡಲು ಹೋಗಿದ್ದಾನೆ. ಆಯಿ ಪಡಸಾಲೆಯಲ್ಲಿ ಮಲಗಿದ್ದಾಳೆ. ಒಳಗಿನ ಕೋಣೆಯಲ್ಲಿ ಮಾತ್ರ ಇನ್ನೂ ದೀಪ ಉರಿಯುತ್ತಿದೆ. ಅವ್ವ ಬಾಗಿಲು ಸರಿಸಿ ನೋಡಿದರೆ, ಪಿ.ಯು.ಸಿ. ಮೊದಲ ವರ್ಷದ ಮಗಳು ಗೋಡೆಗೆ ಒರಗಿ ಕುಳಿತು ಓದುತ್ತಿದ್ದಾಳೆ. ಅವಳ ಕಣ್ಣು ಕೆಂಪಗಾಗಿವೆ. ರಸಾಯನಶಾಸ್ತ್ರದ ಪುಸ್ತಕದ ಒಳಗೆ ಇನ್ನೊಂದು ಪುಸ್ತಕವಿದೆ. ತ್ರಿವೇಣಿಯವರ ‘ಬೆಳ್ಳಿಮೋಡ’.

“ಯಾಕವ್ವಾ, ಅಳಲಾಕತ್ತಿ?”

“ಏನಿಲ್ಲವ್ವಾ, ಕಥೀ ಓದಿ ಅಳು ಬಂತು.”

“ಕಥೀ ಓದಿ ಯಾರರ ಅಳ್ತಾರೇನು? ಖರೇ ಹೇಳು.”

ಮಗಳು ಮಾತಾಡುವುದಿಲ್ಲ. ಅವ್ವನಿಗೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ. ಪ್ರೇಮದ ಕಥೆ ಓದುತ್ತಾಳೆ, ಓದಿ ಅಳುತ್ತಾಳೆ, ಕೇಳಿದರೆ ಬಾಯಿ ಬಿಡುವುದಿಲ್ಲ. ಹಾಗಾದರೆ ಯಾರೋ ಒಬ್ಬ ಹುಡುಗ ಇರಲೇಬೇಕು. ಬೆಳಗಿನ ಚಹಾದ ಹೊತ್ತಿಗೆ ಅಪ್ಪನ ಕಿವಿಗೂ ಸುದ್ದಿ ಬೀಳುತ್ತದೆ. “ಕಾಲೇಜ್ ಸಾಕು. ಒಂದ್ ಚಲೋ ಮನಿ ನೋಡೂಣು” ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಇದು ಯಾರೋ ಒಬ್ಬರ ಮನೆಯ ಕಥೆಯಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿಯೂ ಹೀಗೆಯೇ ನಡೆಯಬಹುದು. ಒಂದು ಪುಸ್ತಕ, ನಾಲ್ಕು ಹನಿ ಕಣ್ಣೀರು, ಒಂದು ಅನುಮಾನ ಇಷ್ಟರಿಂದಲೇ ಒಬ್ಬ ಹುಡುಗಿಯ ಓದು ನಿಂತುಹೋಗಬಹುದು. ಆದ್ದರಿಂದ ಈ ವಾರ ಹದಿಹರೆಯದ ಮನಸ್ಸಿನ ನೋವು ಮತ್ತು ಕಾದಂಬರಿಯ ಓದು, ಇವೆರಡರ ಸಂಬಂಧವನ್ನು ತಿಳಿದುಕೊಳ್ಳೋಣ.

ಅವಳು ಅತ್ತದ್ದು ಯಾತಕ್ಕೆ?

ನಮ್ಮ ಈ ಹುಡುಗಿಗೆ ಪ್ರೇಮಿ ಯಾರೂ ಇಲ್ಲ. ಅವಳಿಗೊಬ್ಬ ಗೆಳತಿ ಇದ್ದಳು. ಒಂದನೇ ಇಯತ್ತೆಯಿಂದ ಹತ್ತನೆಯವರೆಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು. ಇಂಡಿಯ ಕಾಲೇಜಿಗೆ ಸೇರಿದ ಮೇಲೂ ಬಸ್ಸಿನಲ್ಲಿ ಮೊದಲು ಹತ್ತಿದವಳು ಇನ್ನೊಬ್ಬಳಿಗೆ ಸೀಟು ಹಿಡಿಯುವುದು ರೂಢಿ. ಗೆಳತಿಗೆ ಕಾಲೇಜಿನಲ್ಲಿ ಹೊಸಬರ ಪರಿಚಯವಾಯಿತು. ಒಂದು ದಿನ ಸೀಟು ಹಿಡಿಯಲಿಲ್ಲ. ಮರುದಿನವೂ ಹಿಡಿಯಲಿಲ್ಲ. ಕೇಳಿದ್ದಕ್ಕೆ ಎಲ್ಲರ ಮುಂದೆ ನಕ್ಕಳು. ಮೊಬೈಲಿನಲ್ಲಿ ಕಳಿಸಿದ ಸಂದೇಶಕ್ಕೆ ಉತ್ತರ ಬರಲಿಲ್ಲ. ಕೊನೆಗೆ ನಂಬರನ್ನೇ ಬ್ಲಾಕ್ ಮಾಡಿದ್ದಾಳೆ ಎಂದು ತಿಳಿಯಿತು.

ದೊಡ್ಡವರಿಗೆ ಇದು ಹೇಳಿಕೊಳ್ಳುವಂಥ ಸಂಗತಿಯೇ ಅಲ್ಲ. “ಅಕಿ ಇಲ್ಲಂದ್ರ ಇನ್ನೊಬ್ಬಾಕಿ” ಎಂದು ಹೇಳಿ ಮುಗಿಸಿಬಿಡುತ್ತೇವೆ. ಅದು ಗೊತ್ತಿರುವುದರಿಂದಲೇ ಹುಡುಗಿ ಮನೆಯಲ್ಲಿ ಹೇಳಲಿಲ್ಲ. ಪುಸ್ತಕದಲ್ಲಿ ನಂಬಿದವನು ಕೈಬಿಟ್ಟ ಹೆಣ್ಣೊಬ್ಬಳ ಕಥೆ ಬಂದಾಗ ತಡೆದಿಟ್ಟಿದ್ದ ಅಳು ಹೊರಗೆ ಬಂತು. “ಕಥೀ ಓದಿ ಅಳು ಬಂತು” ಎಂದು ಅವಳು ಹೇಳಿದ್ದು ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲ. ಉಳಿದರ್ಧ ಸತ್ಯವನ್ನು ಹೇಳಲು ಅವಳಿಗೆ ಮಾತು ಸಿಗಲಿಲ್ಲ, ಅಷ್ಟೆ.

ಈ ವಯಸ್ಸಿನಲ್ಲಿ ಇಷ್ಟೊಂದು ನೋವೇಕೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದವರೆಗಿನ ಕಾಲವೇ ಹದಿಹರೆಯ. ಈ ಅವಧಿಯಲ್ಲಿ ದೇಹ ಬೆಳೆಯುವುದು ಕಣ್ಣಿಗೆ ಕಾಣುತ್ತದೆ. ಮಿದುಳು ಬೆಳೆಯುವುದು ಕಾಣುವುದಿಲ್ಲ. ಸಂತೋಷ, ಸಿಟ್ಟು, ಭಯ, ಆಸೆ ಇವುಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಬೇಗ ಚುರುಕಾಗುತ್ತವೆ. ಮುಂದಾಲೋಚನೆ, ತಾಳ್ಮೆ, ‘ಸ್ವಲ್ಪ ತಡಿ, ವಿಚಾರ ಮಾಡು’ ಎಂದು ಹೇಳುವ ವಿವೇಕ, ಇವುಗಳಿಗೆ ಸಂಬಂಧಿಸಿದ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಿನವರೆಗೂ ಕಾಲ ಬೇಕು. ಎತ್ತುಗಳು ಹುರುಪಾಗಿ ಓಡುತ್ತಿವೆ, ಹಗ್ಗ ಹಿಡಿದ ಕೈ ಇನ್ನೂ ಪಳಗಿಲ್ಲ ಎಂದರೆ ಬಂಡಿ ಹೇಗೆ ಹೋದೀತೋ ಹಾಗೆ ಈ ವಯಸ್ಸು.

ಇನ್ನೊಂದು ಕಾರಣವೂ ಇದೆ. ಚಿಕ್ಕ ಮಗುವಿಗೆ ತಂದೆತಾಯಿಯೇ ಲೋಕ. ಹದಿಹರೆಯದಲ್ಲಿ ಆ ಸ್ಥಾನಕ್ಕೆ ಗೆಳೆಯ ಗೆಳತಿಯರು ಬರುತ್ತಾರೆ. ‘ನಾನು ಯಾರು, ನಾನು ಹೇಗಿದ್ದೇನೆ’ ಎಂಬುದನ್ನು ಮಕ್ಕಳು ಗೆಳೆಯರ ಕಣ್ಣಿನಲ್ಲಿ ನೋಡಿಕೊಳ್ಳುತ್ತಾರೆ. ಇದು ಮನೆಯವರ ಮೇಲಿನ ಪ್ರೀತಿ ಕಡಿಮೆಯಾದ ಗುರುತಲ್ಲ, ಬೆಳವಣಿಗೆಯ ಲಕ್ಷಣ. ಹೀಗಿರುವಾಗ ಆಪ್ತ ಗೆಳತಿ ಮುಖ ತಿರುಗಿಸಿದರೆ, ‘ಅವಳು ಹೋದಳು’ ಎಂದಷ್ಟೇ ಅನ್ನಿಸುವುದಿಲ್ಲ. ‘ನಾನೇ ಬೇಡವಾದೆ’ ಎನ್ನಿಸುತ್ತದೆ.

‘ಮನಸ್ಸಿಗೆ ಪೆಟ್ಟು’ ಎಂಬುದು ಬರಿ ಮಾತಿನ ಅಲಂಕಾರವಲ್ಲ. 2003ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನವೋಮಿ ಐಸೆನ್‌ಬರ್ಗರ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿದವರಿಗೆ ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟ ಆಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಉಳಿದಿಬ್ಬರು ತಮ್ಮತಮ್ಮಲ್ಲೇ ಚೆಂಡು ಎಸೆದುಕೊಂಡು ಇವರನ್ನು ಬಿಟ್ಟುಬಿಟ್ಟರು. ಆಗ ಇವರ ಮಿದುಳಿನಲ್ಲಿ, ದೇಹಕ್ಕೆ ನೋವಾದಾಗ ಸಂಕಟ ಹುಟ್ಟಿಸುವ ಭಾಗವೊಂದು ಚುರುಕಾದದ್ದು ಕಂಡುಬಂತು. ಬರಿ ಒಂದು ಆಟದಲ್ಲಿ, ಮುಖ ಕಾಣದವರು ಚೆಂಡು ಕೊಡದಿದ್ದರೇ ಹೀಗೆ. ಹತ್ತು ವರ್ಷದ ಗೆಳತಿ ಸೀಟು ಹಿಡಿಯದಿದ್ದರೆ ಹೇಗಾಗಬೇಡ?

ಮನಸ್ಸಿನ ಈ ನೋವು ದೇಹದಲ್ಲಿಯೂ ಕಾಣಿಸಿಕೊಳ್ಳುತ್ತದೆ. ತಲೆನೋವು, ಹೊಟ್ಟೆಸಂಕಟ, ಎದೆ ಬಿಗಿದಂತಾಗುವುದು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಸಾಮಾನ್ಯ. “ಹೊಟ್ಟಿನೋವು” ಎಂದು ಕಾಲೇಜು ತಪ್ಪಿಸುವ ಹುಡುಗಿ ಸುಳ್ಳು ಹೇಳುತ್ತಿದ್ದಾಳೆಂದು ಕೂಡಲೇ ತಿಳಿಯಬಾರದು. ನೋವು ನಿಜವಾಗಿಯೇ ಇರುತ್ತದೆ. ಅದರ ಬೇರು ಬೇರೆ ಕಡೆ ಇರುತ್ತದೆ.

ಕಾದಂಬರಿ ಏನು ಮಾಡುತ್ತದೆ?

ನೋವಿನಲ್ಲಿರುವ ಹದಿಹರೆಯದವರಿಗೆ ಕಾಡುವ ದೊಡ್ಡ ಭಾವನೆ ‘ಇದು ನನಗೊಬ್ಬಳಿಗೇ ಆಗಿದೆ’ ಎಂಬುದು. ಒಳ್ಳೆಯ ಕಾದಂಬರಿ ಮಾಡುವ ಮೊದಲ ಉಪಕಾರ ಈ ಒಂಟಿತನವನ್ನು ಮುರಿಯುವುದು. ಎಲ್ಲೋ ಬೇರೆ ಊರಿನಲ್ಲಿ, ಬೇರೆ ಕಾಲದಲ್ಲಿ, ಇನ್ನೊಬ್ಬರಿಗೂ ಹೀಗೆಯೇ ಆಗಿತ್ತು ಎಂದು ತಿಳಿದಾಗ ಭಾರ ಅರ್ಧ ಇಳಿಯುತ್ತದೆ.

ಎರಡನೆಯದು, ಮಾತು ಕೊಡುವುದು. ಹೆಸರಿಲ್ಲದ ಸಂಕಟಕ್ಕೆ ಕಾದಂಬರಿ ಹೆಸರು ಕೊಡುತ್ತದೆ. ಅಸೂಯೆ, ಅವಮಾನ, ನಿರಾಶೆ, ಪಶ್ಚಾತ್ತಾಪ ಇವೆಲ್ಲ ಬೇರೆ ಬೇರೆ ಎಂದು ಓದುವವಳಿಗೆ ತಿಳಿಯುತ್ತದೆ. ಹೆಸರು ತಿಳಿದ ನೋವನ್ನು ಇನ್ನೊಬ್ಬರಿಗೆ ಹೇಳಬಹುದು.

ಮೂರನೆಯದು, ದೂರದಿಂದ ನೋಡಲು ಕಲಿಸುವುದು. ನಮ್ಮ ತಪ್ಪು ನಮಗೆ ಕಾಣದು, ಕಥೆಯ ಪಾತ್ರದ ತಪ್ಪು ಥಟ್ಟನೆ ಕಾಣುತ್ತದೆ. ‘ಅಯ್ಯೋ, ಇವಳು ಹಾಗೆ ಮಾಡಬಾರದಿತ್ತು’ ಎಂದು ಓದುವವಳು ಅಂದುಕೊಂಡಾಗ ತನ್ನ ಬದುಕಿಗೂ ಒಂದು ಪಾಠ ಕಲಿತಿರುತ್ತಾಳೆ. ಅದೂ ಯಾರ ಬೈಗುಳವೂ ಇಲ್ಲದೆ.

ಪುಸ್ತಕದಿಂದ ಮನಸ್ಸಿಗೆ ಸಮಾಧಾನ ದೊರಕಿಸುವ ಈ ವಿಧಾನಕ್ಕೆ ‘ಬಿಬ್ಲಿಯೋಥೆರಪಿ’ ಎಂದು ಹೆಸರು. ಕನ್ನಡದಲ್ಲಿ ಪುಸ್ತಕ ಚಿಕಿತ್ಸೆ ಎನ್ನಬಹುದು. ಈ ಪದವನ್ನು ಅಮೆರಿಕದ ಲೇಖಕ ಸ್ಯಾಮ್ಯುಯೆಲ್ ಕ್ರೋದರ್ಸ್ 1916ರಲ್ಲಿ ಒಂದು ಲೇಖನದಲ್ಲಿ ಬಳಸಿದರು. ಪದ ಹೊಸದಾದರೂ ರೂಢಿ ಹಳೆಯದು. ದುಃಖದಲ್ಲಿದ್ದವರ ಮನೆಯಲ್ಲಿ ಪುರಾಣ ಓದಿಸುವಾಗ, ನಳದಮಯಂತಿಯ ಕಷ್ಟದ ಕಥೆ ಹೇಳುವಾಗ ನಮ್ಮ ಹಿರಿಯರೂ ಇದನ್ನೇ ಮಾಡುತ್ತಿದ್ದರು.

ಎರಡು ಕಾದಂಬರಿಗಳು

ಗೆಳೆತನ ಮುರಿಯುವ ನೋವನ್ನು ಹೇಳುವ ಕಾದಂಬರಿಗೆ ದೂರ ಹೋಗಬೇಕಿಲ್ಲ. ಆರ್.ಕೆ. ನಾರಾಯಣ್ ಅವರು 1935ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿ ಸ್ವಾಮಿ ಮತ್ತು ಅವನ ಸ್ನೇಹಿತರ ಕಥೆ. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು 1980ರ ದಶಕದಲ್ಲಿ ದೂರದರ್ಶನದಲ್ಲಿ ನೋಡಿದವರಿಗೆ ಮಾಸ್ಟರ್ ಮಂಜುನಾಥನ ಸ್ವಾಮಿ ಇಂದಿಗೂ ನೆನಪಿದ್ದಾನೆ. ಸ್ವಾಮಿಯ ಜೀವದ ಗೆಳೆಯ ರಾಜಂ, ಪೊಲೀಸ್ ಅಧಿಕಾರಿಯ ಮಗ. ಮುಖ್ಯವಾದ ಕ್ರಿಕೆಟ್ ಪಂದ್ಯಕ್ಕೆ ಸ್ವಾಮಿ ಬರಲಿಲ್ಲವೆಂದು ರಾಜಂಗೆ ಸಿಟ್ಟು. ಅಷ್ಟರಲ್ಲಿ ರಾಜಂನ ತಂದೆಗೆ ವರ್ಗವಾಗುತ್ತದೆ. ಗೆಳೆಯನಿಗೆ ಕೊಡಲು ಒಂದು ಪುಸ್ತಕ ಹಿಡಿದುಕೊಂಡು ಸ್ವಾಮಿ ರೈಲು ನಿಲ್ದಾಣಕ್ಕೆ ಹೋಗುತ್ತಾನೆ. ರಾಜಂ ಸರಿಯಾಗಿ ಮಾತಾಡುವುದಿಲ್ಲ. ರೈಲು ಹೊರಟೇಬಿಡುತ್ತದೆ. ಅವನು ಪತ್ರ ಬರೆಯುತ್ತಾನೋ ಇಲ್ಲವೋ ಎಂಬುದು ಸ್ವಾಮಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ನಗಿಸುತ್ತ ಬಂದ ಕಥೆ ಹೀಗೆ ಮುಗಿಯುತ್ತದೆ. ಎಲ್ಲ ಗೆಳೆತನವೂ ಸರಿಯಾಗಿ ಬೀಳ್ಕೊಂಡು ಮುಗಿಯುವುದಿಲ್ಲ, ಕಾರಣ ತಿಳಿಯದೆಯೂ ಕೆಲವರು ದೂರವಾಗುತ್ತಾರೆ ಎಂಬ ಕಹಿ ಸತ್ಯವನ್ನು ಇದು ಮಕ್ಕಳಿಗೆ ಸುಳ್ಳಿಲ್ಲದೆ ಹೇಳುತ್ತದೆ.

ಇನ್ನು ‘ಬೆಳ್ಳಿಮೋಡ’. ಇದನ್ನು ಬರೆದ ತ್ರಿವೇಣಿ (1928–1963) ಮನಶ್ಶಾಸ್ತ್ರ ಓದಿದವರು. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದ ಮನೆಗಳಲ್ಲಿ ಯಾರೂ ಬಾಯಿ ಬಿಡದ ಕಾಲದಲ್ಲಿ ‘ಶರಪಂಜರ’ದಂಥ ಕಾದಂಬರಿ ಬರೆದರು. ‘ಬೆಳ್ಳಿಮೋಡ’ದ ಇಂದಿರೆ ಶ್ರೀಮಂತ ತಂದೆಯ ಒಬ್ಬಳೇ ಮಗಳು. ಮದುವೆ ಗೊತ್ತಾದ ಹುಡುಗ ವಿದೇಶಕ್ಕೆ ಓದಲು ಹೋಗುತ್ತಾನೆ. ಇತ್ತ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಅವಳದಲ್ಲ ಎಂದು ತಿಳಿದಾಗ ಹುಡುಗನ ಪ್ರೀತಿಯೂ ಕರಗುತ್ತದೆ. ಮುಂದೆ ಅವನು ಮನಸ್ಸು ಬದಲಿಸಿ ಬಂದಾಗ ಇಂದಿರೆ ಒಪ್ಪುವುದಿಲ್ಲ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಇದನ್ನು ಚಲನಚಿತ್ರ ಮಾಡಿದರು. ಕಲ್ಪನಾ ಅವರ ಇಂದಿರೆಯನ್ನು ನಮ್ಮ ತಾಯಂದಿರು, ಆಯಿಯಂದಿರು ನೋಡಿ ಅತ್ತಿದ್ದಾರೆ.

ಈಗ ವಿಚಾರ ಮಾಡಿ. ಸಾಲೋಟಗಿಯ ಆ ಅವ್ವ ಹೆದರಿದ್ದು ಇದೇ ಕಥೆಗೆ. ಈ ಕಥೆ ಹೇಳುವುದಾದರೂ ಏನು? ಪ್ರೀತಿಯ ಹೆಸರಿನಲ್ಲಿ ಸ್ವಾರ್ಥ ಬರಬಹುದು, ಹುಷಾರಾಗಿರು ಎನ್ನುತ್ತದೆ. ಕೈಬಿಟ್ಟವನ ಹಿಂದೆ ಓಡಬೇಡ, ನಿನ್ನ ಮರ್ಯಾದೆ ನಿನ್ನ ಕೈಯಲ್ಲಿದೆ ಎನ್ನುತ್ತದೆ. ಮಗಳನ್ನು ಕೂರಿಸಿಕೊಂಡು ನೀವು ಹೇಳಬೇಕೆಂದಿದ್ದ ಮಾತೂ ಇದೇ ಅಲ್ಲವೇ?

ಕಾದಂಬರಿಯಿಂದ ಕೆಡುಕೇ ಇಲ್ಲವೇ?

ಇದೆ. ಅದನ್ನು ಮುಚ್ಚಿಡಬಾರದು. 1774ರಲ್ಲಿ ಜರ್ಮನಿಯ ಮಹಾಕವಿ ಗಯಟೆ ಒಂದು ಕಾದಂಬರಿ ಬರೆದ. ಅದರ ನಾಯಕ ವರ್ಥರ್ ಎಂಬ ಯುವಕ. ಬೇರೊಬ್ಬನಿಗೆ ಗೊತ್ತಾದ ಹುಡುಗಿಯನ್ನು ಪ್ರೀತಿಸಿ, ನಿರಾಶನಾಗಿ, ಕೊನೆಗೆ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಪುಸ್ತಕ ಯುರೋಪಿನಲ್ಲೆಲ್ಲ ಹರಡಿತು. ಯುವಕರು ವರ್ಥರನಂತೆ ನೀಲಿ ಕೋಟು, ಹಳದಿ ಒಳಅಂಗಿ ತೊಡತೊಡಗಿದರು. ಕೆಲವರು ಸಾವಿನಲ್ಲೂ ಅವನನ್ನು ಅನುಕರಿಸಿದರೆಂಬ ಭಯ ಹುಟ್ಟಿ, ಲೈಪ್‌ಜಿಗ್ ನಗರದಲ್ಲಿ ಪುಸ್ತಕವನ್ನೇ ನಿಷೇಧಿಸಿದರು. ಇನ್ನೂರು ವರ್ಷಗಳ ನಂತರ, 1974ರಲ್ಲಿ, ಡೇವಿಡ್ ಫಿಲಿಪ್ಸ್ ಎಂಬ ಸಮಾಜವಿಜ್ಞಾನಿ ಪತ್ರಿಕೆಗಳಲ್ಲಿ ಬರುವ ಆತ್ಮಹತ್ಯೆಯ ಸುದ್ದಿಯ ಪರಿಣಾಮವನ್ನು ಅಧ್ಯಯನ ಮಾಡಿ, ಈ ಅನುಕರಣೆಗೆ ‘ವರ್ಥರ್ ಪರಿಣಾಮ’ ಎಂದು ಹೆಸರಿಟ್ಟರು.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. 2010ರಲ್ಲಿ ವಿಯೆನ್ನಾದ ಥಾಮಸ್ ನೀಡರ್‌ಕ್ರೋಟೆಂಥಾಲರ್ ಮತ್ತು ಜೊತೆಗಾರರು ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಸಾಯುವ ಯೋಚನೆ ಬಂದರೂ ಅದನ್ನು ದಾಟಿ ಬದುಕಿದವರ ಬಗ್ಗೆ ಬಂದ ಬರಹಗಳು ಓದುಗರನ್ನು ರಕ್ಷಿಸುವ ಲಕ್ಷಣ ಕಂಡುಬಂತು. ಇದಕ್ಕೆ ‘ಪಪಗೇನೋ ಪರಿಣಾಮ’ ಎನ್ನುತ್ತಾರೆ. ಪಪಗೇನೋ ಎಂಬಾತ ಮೊಜಾರ್ಟನ 1791ರ ಸಂಗೀತ ನಾಟಕದ ಒಂದು ಪಾತ್ರ. ಪ್ರಿಯತಮೆ ಸಿಗಲಿಲ್ಲವೆಂದು ಸಾಯಲು ಹೊರಟವನಿಗೆ ಮೂವರು ಹುಡುಗರು ಬಂದು ಬೇರೆ ದಾರಿ ನೆನಪು ಮಾಡಿಕೊಡುತ್ತಾರೆ. ಅವನು ಬದುಕುತ್ತಾನೆ.

ಪಾಲಕರು ಗಮನಿಸಬೇಕಾದ ಸೂತ್ರ ಇಲ್ಲಿಯೇ ಇದೆ. ಪುಸ್ತಕದಲ್ಲಿ ಪ್ರೇಮ ಇದೆಯೇ ಎಂದು ಹುಡುಕಬೇಡಿ. ನೋವು ಬಂದಾಗ ಪಾತ್ರಗಳು ಏನು ಮಾಡುತ್ತವೆ ಎಂದು ನೋಡಿ. ಸಾವನ್ನು ಸುಂದರವೆಂದು, ಪ್ರೀತಿಯ ಪರೀಕ್ಷೆಯೆಂದು ತೋರಿಸುವ ಕಥೆ ನೊಂದ ಮಗುವಿನ ಕೈಗೆ ಒಳ್ಳೆಯದಲ್ಲ. ಹುಡುಗಿ ಬೇಡವೆಂದರೂ ಬೆನ್ನು ಹತ್ತುವುದೇ ಗಂಡಸುತನ ಎನ್ನುವ ಕಥೆ ಗಂಡುಮಕ್ಕಳಿಗೆ ಒಳ್ಳೆಯದಲ್ಲ. ಇದು ಪುಸ್ತಕಕ್ಕಿಂತ ಇಂದಿನ ಸಿನಿಮಾ ಮತ್ತು ಮೊಬೈಲಿನ ತುಣುಕು ಚಿತ್ರಗಳಿಗೆ ಹೆಚ್ಚು ಅನ್ವಯಿಸುವ ಮಾತು. ನೋವನ್ನು ನೋವೆಂದು ಒಪ್ಪಿ, ಅದರಾಚೆಗೂ ಬದುಕಿದೆ ಎಂದು ತೋರಿಸುವ ಕಥೆ ಎಷ್ಟು ಅಳಿಸಿದರೂ ಚಿಂತೆಯಿಲ್ಲ.

ಪಾಲಕರು ಏನು ಮಾಡಬೇಕು?

1. ಪುಸ್ತಕ ಕಸಿದುಕೊಳ್ಳಬೇಡಿ. ಕಸಿದುಕೊಂಡರೆ ಮಗಳು ಓದುವುದನ್ನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾಳೆ.

2. ನೀವೂ ಆ ಪುಸ್ತಕ ಓದಿ. ಓದು ಬಾರದ ತಾಯಂದಿರು ಮಗಳ ಬಾಯಿಂದಲೇ ಕಥೆ ಹೇಳಿಸಿಕೊಳ್ಳಬಹುದು. ರೊಟ್ಟಿ ಬಡಿಯುವಾಗ, ಕಾಳು ಹಸನು ಮಾಡುವಾಗ ಇದಕ್ಕೆ ಒಳ್ಳೆಯ ಸಮಯ. ಎದುರುಬದುರು ಕೂತು ವಿಚಾರಣೆ ಮಾಡಿದರೆ ಬಾಯಿ ಕಟ್ಟುತ್ತದೆ, ಕೈಗೆ ಕೆಲಸವಿದ್ದಾಗ ಮಾತು ತಾನಾಗಿ ಬರುತ್ತದೆ.

3. ಮಗಳ ಬಗ್ಗೆ ಕೇಳಬೇಡಿ, ಪಾತ್ರದ ಬಗ್ಗೆ ಕೇಳಿ. “ನಿನಗೂ ಹಿಂಗ ಆಗೇತೇನು?” ಎಂದರೆ ಬಾಗಿಲು ಮುಚ್ಚುತ್ತದೆ. “ಆ ಹುಡುಗಿ ಮಾಡಿದ್ದು ನಿನಗ ಸರಿ ಅನಸ್ತದೇನವ್ವಾ?” ಎಂದರೆ ತೆರೆಯುತ್ತದೆ.

4. ನೋವನ್ನು ಸಣ್ಣದು ಮಾಡಬೇಡಿ. “ಇದೇನ್ ಮಹಾ” ಎಂಬ ಮಾತು ಬೇಡ. “ಹೌದು, ಭಾಳ ಕೆಟ್ಟ ಅನಿಸಿರ್ಬೇಕು” ಎಂದರೆ ಸಾಕು. ಉಪದೇಶಕ್ಕೆ ನಾಳೆ ಸಮಯವಿದೆ.

5. ಗಂಡುಮಕ್ಕಳನ್ನು ಮರೆಯಬೇಡಿ. “ಗಂಡಸಾಗಿ ಅಳ್ತೀಯೇನೋ?” ಎಂದು ಕೇಳಿ ಕೇಳಿ ಅವರು ಅಳುವುದನ್ನೂ ಹೇಳುವುದನ್ನೂ ಬಿಟ್ಟಿರುತ್ತಾರೆ. ಅವರ ದುಃಖ ಸಿಟ್ಟಾಗಿ, ಕುಡಿತವಾಗಿ, ಬೈಕಿನ ವೇಗವಾಗಿ ಹೊರಬರುತ್ತದೆ. ಸ್ವಾಮಿಯ ಕಥೆ ಅವರಿಗೂ ಬೇಕು.

6. ಬರೆಯಲು ಹೇಳಿ. 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೇಮ್ಸ್ ಪೆನ್‌ಬೇಕರ್ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ, ತಮ್ಮ ಕಹಿ ಅನುಭವಗಳನ್ನು ಬರೆಸಿದರು. ಘಟನೆಯ ಜೊತೆಗೆ ತಮ್ಮ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಒಂದು ಹಳೆಯ ನೋಟುಬುಕ್ಕು ಸಾಕು. ಅದನ್ನು ಮಾತ್ರ ನೀವು ಕದ್ದು ಓದಬಾರದು.

7. ನಿದ್ದೆಗೆ ಮಿತಿ ಇರಲಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ನಿದ್ದೆ ತಡವಾಗಿ ಬರುವುದು ಸಹಜ. ಆದರೂ ಒಂದು ಹೊತ್ತಿಗೆ ಪುಸ್ತಕ ಮುಚ್ಚುವ ರೂಢಿ ಒಳ್ಳೆಯದು. ಹಾಸಿಗೆಯಲ್ಲಿ ಮೊಬೈಲಿಗಿಂತ ಕಾಗದದ ಪುಸ್ತಕ ಮೇಲು.

ಮದುವೆ ಪರಿಹಾರವಲ್ಲ

ಅನುಮಾನ ಬಂದ ಕೂಡಲೇ ಕಾಲೇಜು ಬಿಡಿಸಿ ಮದುವೆ ಮಾಡುವುದು ಹಲವರಿಗೆ ಸುಲಭದ ದಾರಿಯೆಂದು ತೋರುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ 18 ತುಂಬದ ಹುಡುಗಿಯ ಮದುವೆ ಮಾಡುವುದು ಶಿಕ್ಷಾರ್ಹ ಅಪರಾಧ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಪ್ರತಿ ಐದು ಮಹಿಳೆಯರಲ್ಲಿ ಸುಮಾರು ಒಬ್ಬಳಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಎಳೆಯ ವಯಸ್ಸಿನ ಬಸಿರಿನಲ್ಲಿ ರಕ್ತಹೀನತೆ, ಬಸಿರಿನ ನಂಜು, ಕಡಿಮೆ ತೂಕದ ಕೂಸು ಹುಟ್ಟುವ ಅಪಾಯ ಹೆಚ್ಚು. ಗೆಳತಿಯ ಅಗಲಿಕೆಯ ನೋವಿಗೆ ಇದು ಮದ್ದಾಗುವುದು ಹೇಗೆ? ಕಾಲಿಗೆ ಮುಳ್ಳು ಚುಚ್ಚಿದರೆ ಕಾಲನ್ನೇ ಕತ್ತರಿಸಿದಂತಾಗುತ್ತದೆ.

ಯಾವಾಗ ಎಚ್ಚರ ವಹಿಸಬೇಕು?

ಪುಸ್ತಕ ಸಮಾಧಾನ ಕೊಡುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ. ಸಾಮಾನ್ಯ ದುಃಖ ದಿನ ಕಳೆದಂತೆ ಕಡಿಮೆಯಾಗುತ್ತದೆ. ನಡುನಡುವೆ ನಗು ಬರುತ್ತದೆ, ಹಸಿವಾಗುತ್ತದೆ. ಎರಡು ವಾರ ಕಳೆದರೂ ಕೆಳಗಿನ ಲಕ್ಷಣಗಳು ಹೋಗದಿದ್ದರೆ ಅದು ಖಿನ್ನತೆಯಾಗಿರಬಹುದು. ವೈದ್ಯರಿಗೆ ತೋರಿಸಬೇಕು.

— ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಇಷ್ಟದ ಪುಸ್ತಕವೂ ಬೇಡವಾಗುವುದು
— ಊಟ, ನಿದ್ದೆ ತೀರ ಕಡಿಮೆಯಾಗುವುದು ಅಥವಾ ಹೆಚ್ಚಾಗುವುದು
— ಓದಿನಲ್ಲಿ ಒಮ್ಮೆಲೇ ಹಿಂದೆ ಬೀಳುವುದು, ಯಾರೊಡನೆಯೂ ಸೇರದಿರುವುದು
— ‘ನಾನು ಯಾರಿಗೂ ಬೇಡ’ ಎಂದು ಪದೇ ಪದೇ ಹೇಳುವುದು

ಸಾವಿನ ಮಾತು ಆಡಿದರೆ, ಮೈಗೆ ಗಾಯ ಮಾಡಿಕೊಂಡರೆ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ ಎರಡು ವಾರ ಕಾಯಬಾರದು. ಅಂದೇ ಸಹಾಯ ಪಡೆಯಬೇಕು. “ಸಾಯಬೇಕು ಅನಸ್ತದೇನವ್ವಾ?” ಎಂದು ನೇರವಾಗಿ, ಮೆತ್ತಗೆ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳುವುದರಿಂದ ಮಗುವಿನ ಎದೆ ಹಗುರಾಗುತ್ತದೆ. ಅಂಥ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಲಿಂಬೆ, ದ್ರಾಕ್ಷಿ, ತೊಗರಿ ಬೆಳೆಯುವ ಮನೆಗಳಿಗೆ ಒಂದು ಮುಖ್ಯ ಸೂಚನೆ. ಬೆಳೆಗೆ ಹೊಡೆಯುವ ಔಷಧ ಯಾವ ಕಾರಣಕ್ಕೂ ಮನೆಯೊಳಗೆ ಕೈಗೆ ಸಿಗುವಂತೆ ಇರಬಾರದು. ಬೀಗ ಹಾಕಿಡಿ, ಕೀಲಿ ಹಿರಿಯರ ಬಳಿ ಇರಲಿ. ಹದಿಹರೆಯದ ಆವೇಶ ಬಹುಮಟ್ಟಿಗೆ ಕ್ಷಣಿಕ. ಆ ಗಳಿಗೆ ದಾಟಿದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಬಹಳಷ್ಟು ಇಳಿಯಿತು.

ಸಹಾಯ ದೂರವಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಬಾಲ್ಯವಿವಾಹದ ದೂರಿಗೂ ಇದೇ ಸಂಖ್ಯೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹಾ ಕ್ಲಿನಿಕ್’ಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನೂ ಕಾಣಬಹುದು. ಪೊಲೀಸರ ಭಯದಿಂದ ಯಾರೂ ಮುಚ್ಚಿಡಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಇಂಥ ಪ್ರಯತ್ನ ಮಾಡಿದವರು ತೀವ್ರ ಮನೋವೇದನೆಯಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ಕೊಡಬೇಕೆನ್ನುತ್ತದೆ.

ದೀಪ ಆರಿಸಬೇಡಿ

ಸಾಲೋಟಗಿಗೆ ಓದಿನ ದೀಪ ಹೊಸದಲ್ಲ. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನ ಈ ಊರಿನ ವಿದ್ಯಾಶಾಲೆಯ ವಿಷಯ ಹೇಳುತ್ತದೆ. ಮಂತ್ರಿ ನಾರಾಯಣ ಕಟ್ಟಿಸಿದ ಆ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ 27 ಮನೆಗಳಿದ್ದವು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟಿದ್ದರು. ಆ ದೀಪ ಗಂಡುಮಕ್ಕಳ ವೇದಾಧ್ಯಯನಕ್ಕೆ ಮೀಸಲಾಗಿತ್ತು. ಇಂದು ಹೆಣ್ಣುಮಕ್ಕಳೂ ಓದುತ್ತಿದ್ದಾರೆ. 2020ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ನಿಮ್ಮ ಮಕ್ಕಳ ಹೆಸರು ಅಲ್ಲಿ ಇದೆಯೇ ಎಂದು ಒಮ್ಮೆ ವಿಚಾರಿಸಿ.

ಇನ್ನು ನಾವು ಬಿಟ್ಟು ಬಂದ ಮನೆಗೆ ಹೋಗೋಣ. ಚಹಾದ ಹೊತ್ತಿಗೆ ಅಪ್ಪ “ಕಾಲೇಜ್ ಸಾಕು” ಎಂದಾಗ, ಮೂಲೆಯಲ್ಲಿ ಕುಳಿತಿದ್ದ ಆಯಿ ಬಾಯಿ ಹಾಕಿದಳು ಎಂದುಕೊಳ್ಳಿ. “ಬೆಳ್ಳಿಮೋಡ ಅಂದಿ? ಆ ಸಿನೆಮಾ ನೋಡಿ ನಾನೂ ಅತ್ತೀನಿ. ನಾ ಏನ್ ಕೆಟ್ಟೀನೇನು?” ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಆ ಸಂಜೆ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು, “ಕಡೀಗೆ ಆ ಇಂದಿರಾ ಏನ್ ಮಾಡ್ತಾಳವ್ವಾ?” ಮಗಳು ಕಥೆ ಹೇಳತೊಡಗಿದಳು. ಮೂರನೆಯ ರೊಟ್ಟಿಯ ಹೊತ್ತಿಗೆ ಕಥೆ ಮುಗಿದಿತ್ತು. ಐದನೆಯ ರೊಟ್ಟಿಯ ಹೊತ್ತಿಗೆ ಬಸ್ಸಿನ ಸೀಟಿನ ಮಾತು ಬಂತು.